ಬನ್ನಿಯ ಮರವೂ ವಿಷದ ಕಾರ್ಖಾನೆಯೂ

ಅಜ್ಞಾತವಾಸಕ್ಕೆ ಹೊರಟ ಪಾಂಡವರು ವಿರಾಟನಗರದ ಹೊರಗೆ ಶಮೀವೃಕ್ಷದ ಮೇಲೆ ತಮ್ಮ ಆಯುಧಗಳನ್ನು ಕಟ್ಟಿಟ್ಟು ಹೋದ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಯಾರೂ ಹತ್ತಿರ ಸುಳಿಯದಿರಲೆಂದು ಅವರು ಅಲ್ಲಿ ಒಂದು ಹೆಣವನ್ನೂ ಕಟ್ಟಿದರಂತೆ. ಅವಧಿ ಮುಗಿಯುತ್ತಿದ್ದ ಹಾಗೆ ಅರ್ಜುನ ಉತ್ತರಕುಮಾರನನ್ನು ಮರ ಹತ್ತಿಸಿ ಗಾಂಡೀವವನ್ನು ಇಳಿಸಿಕೊಂಡ. ಇಟ್ಟಿದ್ದು ಇಟ್ಟಂತೆಯೇ ಇತ್ತು. ಆ ಮರದ ಎಲೆಯನ್ನು ‘ಬಂಗಾರ’ವೆಂದು ನಾವು ಇಂದಿಗೂ ವಿಜಯದಶಮಿಯ ದಿನ ಒಬ್ಬರಿಗೊಬ್ಬರು ಕೊಡುತ್ತೇವೆ. ಆದರೆ ಕೌರವರ ಕಡೆಯಿಂದ ನೋಡಿದರೆ ಇದರಲ್ಲಿ ಒಂದು ಪ್ರಶ್ನೆ ಇದೆ. ಆಯುಧವನ್ನು ಮರದ ಮೇಲಿಟ್ಟವನು ನಿಜಕ್ಕೂ ಆಯುಧ ಬಿಟ್ಟವನೇ?

ಇಪ್ಪತ್ತನೆಯ ಶತಮಾನದ ರಾಯಭಾರಿಗಳಿಗೆ ಈ ಪ್ರಶ್ನೆ ಇನ್ನೂ ತೊಡಕಾಗಿ ಎದುರಾಯಿತು. ಗಾಂಡೀವ ಎಂದರೆ ಗಾಂಡೀವ. ಅದರಿಂದ ಹೊಲ ಉಳಲಾಗದು. ವಿಷಾನಿಲ ತಯಾರಿಸುವ ಕಾರ್ಖಾನೆ ಹಾಗಲ್ಲ. ಅದೇ ಹಂಡೆ, ಅದೇ ಕೊಳವೆ, ಅದೇ ಕೆಲಸಗಾರ. ಇಂದು ಔಷಧ, ನಾಳೆ ಬಣ್ಣ, ಮರುದಿನ ಮರಣ. ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರೊಬ್ಬರನ್ನು ಈ ಬಗ್ಗೆ ಕೇಳಿದೆ. ಅವರು ಉತ್ತರ ಹೇಳದೆ ನನ್ನ ಜೇಬಿನಲ್ಲಿದ್ದ ಬಾಲ್‌ಪೆನ್ನನ್ನು ಎಳೆದು ಮೇಜಿನ ಮೇಲಿಟ್ಟರು. ಅಂಥ ಪೆನ್ನುಗಳ ಶಾಯಿಗೆ ಬಳಸುವ ‘ಥಯೋಡೈಗ್ಲೈಕಾಲ್’ ಎಂಬ ದ್ರವವೇ ಇನ್ನೊಂದು ಹೆಜ್ಜೆ ಮುಂದೆ ಹೋದರೆ ಮಸ್ಟರ್ಡ್ ಗ್ಯಾಸ್ ಆಗುತ್ತದಂತೆ. ಕಣ್ಣು ಕುರುಡಾಗಿಸಿ, ಮೈಯೆಲ್ಲ ಬೊಬ್ಬೆಯೆಬ್ಬಿಸಿ, ಶ್ವಾಸಕೋಶವನ್ನು ಸುಡುವ ಆ ವಿಷ ೧೯೧೭ರ ಜುಲೈಯಿಂದ ರಣರಂಗದಲ್ಲಿದೆ. ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಇಂಥ ವಸ್ತುವನ್ನು ಕಟ್ಟಿಹಾಕಲು ದೇಶದೇಶಗಳ ರಾಯಭಾರಿಗಳು ಕೂತು ಹೊಸೆದ ವಾಕ್ಯಗಳನ್ನು ಓದುವುದು ನನಗೊಂದು ಚಟ. ಅದರಲ್ಲಿ ಒಂದು ವಾಕ್ಯದ ಬಗ್ಗೆ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಗೋಡೆ ಹಾರಿದ ಒಬ್ಬ ವಿಜ್ಞಾನಿಯ ಕಥೆ ಹೇಳಬೇಕು.

೧೯೧೫ರ ಏಪ್ರಿಲ್ ೨೨ರ ಸಂಜೆ, ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಬಳಿ ಜರ್ಮನರು ಸಾವಿರಾರು ಉರುಳೆಗಳ ಬಾಯಿ ತೆರೆದು ಕ್ಲೋರೀನ್ ಅನಿಲವನ್ನು ಗಾಳಿಗೆ ಬಿಟ್ಟರು. ಮುಂದಿನ ಮೂರೂವರೆ ವರ್ಷ ಎರಡು ಕಡೆಯವರೂ ಒಬ್ಬರ ಮೇಲೊಬ್ಬರು ವಿಷ ಕಾರಿದರು. ಯುದ್ಧ ಮುಗಿದ ಮೇಲೆ ೧೯೧೯ರಲ್ಲಿ ಹೆರಾಲ್ಡ್ ಹಾರ್ಟ್ಲಿಯ ನೇತೃತ್ವದ ಬ್ರಿಟಿಷ್ ತಂಡವೊಂದು ರೈನ್ ನದಿಯ ದಡದ ಕಾರ್ಖಾನೆಗಳನ್ನು ನೋಡಲು ಹೋಯಿತು. ವಿಷಕ್ಕೆಂದೇ ಕಟ್ಟಿದ ಶಸ್ತ್ರಾಗಾರಗಳನ್ನು ಹುಡುಕಿಕೊಂಡು ಹೋದವರ ಕಣ್ಣಿಗೆ ಬಿದ್ದದ್ದು ಲೋಕಪ್ರಸಿದ್ಧವಾದ ಬಣ್ಣದ ಕಾರ್ಖಾನೆಗಳು. ಬಟ್ಟೆಗೆ ಬಣ್ಣ ಮಾಡುತ್ತಿದ್ದ ಪಾತ್ರೆಗಳಲ್ಲೇ ಯುದ್ಧದ ವಿಷವೂ ಕುದಿದಿತ್ತು.

ಇಲ್ಲಿ ನಮ್ಮ ದೇಶಕ್ಕೂ ಒಂದು ಎಳೆ ಇದೆ. ಲುಡ್ವಿಗ್ಸ್‌ಹಾಫನ್ನಿನ ಬಾಡಿಶೆ ಕಂಪನಿ, ಅಂದರೆ ಇಂದಿನ ಬಿ.ಎ.ಎಸ್.ಎಫ್., ೧೮೯೭ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಬಿಹಾರ ಬಂಗಾಳಗಳ ನೀಲಿ ಬೆಳೆಗೆ ಅದೇ ಕುತ್ತಾಯಿತು. ಚಂಪಾರಣ್ಯದ ತೋಟದ ದೊರೆಗಳು ತಮ್ಮ ನಷ್ಟವನ್ನು ರೈತನ ಗೇಣಿಯ ಮೇಲೆ ಹೊರಿಸಿದರು. ಯುದ್ಧ ಬಂದು ಜರ್ಮನ್ ಬಣ್ಣ ನಿಂತಾಗ ಬೆಲೆ ಏರಿತು, ಮತ್ತೆ ನೀಲಿ ಬೆಳೆ ಎಂದರು. ಈ ಹಗ್ಗಜಗ್ಗಾಟದಲ್ಲಿ ಹಣ್ಣಾದ ರೈತರ ಮೊರೆ ಕೇಳಿ ೧೯೧೭ರಲ್ಲಿ ಗಾಂಧೀಜಿ ಅಲ್ಲಿಗೆ ಹೋದದ್ದು ಎಲ್ಲರಿಗೂ ತಿಳಿದ ಇತಿಹಾಸ. ಅಷ್ಟಾಗಿ ತಿಳಿಯದ ಸಂಗತಿ ಇನ್ನೊಂದು. ಅದೇ ವರ್ಷ, ಕೃತಕ ನೀಲಿಗಾಗಿ ಹೂಡಿದ್ದ ಅದೇ ಲುಡ್ವಿಗ್ಸ್‌ಹಾಫನ್ನಿನ ಸಲಕರಣೆಯಲ್ಲಿ ಥಯೋಡೈಗ್ಲೈಕಾಲ್ ತಯಾರಾಗಿ, ಲೆವರ್‌ಕೂಸನ್ನಿಗೆ ಹೋಗಿ, ಅಲ್ಲಿ ಮಸ್ಟರ್ಡ್ ಗ್ಯಾಸ್ ಆಗುತ್ತಿತ್ತು. ಚಂಪಾರಣ್ಯದ ರೈತನ ಹೊಟ್ಟೆಗೆ ಹೊಡೆದ ನೀಲಿಯೇ ಫ್ಲಾಂಡರ್ಸಿನ ಸೈನಿಕನ ಕಣ್ಣಿಗೂ ಹೊಡೆಯಿತು ಎಂದರೆ ಅದು ಬರಿಯ ಅಲಂಕಾರದ ಮಾತಲ್ಲ.

ಸರಿ, ಇಂಥ ಕಾರ್ಖಾನೆಗಳನ್ನು ಗೆದ್ದವರು ಏನು ಮಾಡಬೇಕು? ವರ್ಸೇಲ್ಸ್ ಒಪ್ಪಂದದ ೧೭೧ನೆಯ ವಿಧಿ ಜರ್ಮನಿಗೆ ವಿಷಾನಿಲದ ತಯಾರಿಕೆಯನ್ನು ನಿಷೇಧಿಸಿತು. ೧೭೨ನೆಯದು ತಯಾರಿಕೆಯ ಗುಟ್ಟುಗಳನ್ನು ಒಪ್ಪಿಸಬೇಕೆಂದಿತು. ಯುದ್ಧಕ್ಕೆ ನೆರವಾದ ರಾಸಾಯನಿಕ ಕಾರ್ಖಾನೆಗಳನ್ನು ಕೆಡವಿಯೇ ತೀರಬೇಕೆಂಬ ಹಠ ಫ್ರೆಂಚರ ಕಡೆ ಬಲವಾಗಿತ್ತು. ಲುಡ್ವಿಗ್ಸ್‌ಹಾಫನ್ನಿನ ಪಕ್ಕದ ಓಪೌ ಕಾರ್ಖಾನೆಯಂತೂ ಗಾಳಿಯಿಂದ ಸಾರಜನಕವನ್ನು ಹಿಡಿದು ಅಮೋನಿಯ ಮಾಡುತ್ತಿತ್ತು. ಶಾಂತಿಯ ಕಾಲದಲ್ಲಿ ಅದು ಹೊಲಕ್ಕೆ ಗೊಬ್ಬರ, ಯುದ್ಧದಲ್ಲಿ ಮದ್ದುಗುಂಡು. ಆ ವಿಧಾನವನ್ನು ಪ್ರಯೋಗಶಾಲೆಯಲ್ಲಿ ಕಂಡುಹಿಡಿದ ಫ್ರಿಟ್ಸ್ ಹೇಬರನೇ ಈಪ್ರಿನಲ್ಲಿ ಕ್ಲೋರೀನ್ ಬಿಡಿಸಿದವನು. ಅದನ್ನು ಕಾರ್ಖಾನೆಯ ಗಾತ್ರಕ್ಕೆ ಬೆಳೆಸಿದವನು ಕಾರ್ಲ್ ಬಾಷ್.

ಈ ಬಾಷ್ ೧೯೧೯ರಲ್ಲಿ ಜರ್ಮನ್ ನಿಯೋಗದ ಜೊತೆ ಪರಿಣತನಾಗಿ ವರ್ಸೇಲ್ಸಿಗೆ ಬಂದಿದ್ದ. ನಿಯೋಗದವರನ್ನು ಇಳಿಸಿದ್ದ ಹೋಟೆಲಿನ ಸುತ್ತ ಬೇಲಿ, ಕಾವಲು. ಸೋತವರು ಗೆದ್ದವರೊಡನೆ ಮಾತನಾಡಬೇಕಾದರೆ ಕಾಗದದ ಮೂಲಕವೇ. ಒಂದು ರಾತ್ರಿ ಬಾಷ್ ಗೋಡೆ ಹತ್ತಿ ಹೊರಕ್ಕೆ ಇಳಿದು, ಫ್ರಾನ್ಸಿನ ರಾಸಾಯನಿಕ ಉದ್ಯಮದ ಹಿರಿಯ ಅಧಿಕಾರಿ ಜೋಸೆಫ್ ಫ್ರೊಸಾರನನ್ನು ಗುಟ್ಟಾಗಿ ಕಂಡನೆಂದು ಅವನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ವಿಧ್ಯುಕ್ತ ಸಭೆಗಳಲ್ಲಿ ಆಗದ ಕೆಲಸ ಈ ಗೋಡೆಯಾಚೆಯ ಮಾತುಕತೆಯಿಂದ ಆಯಿತು. ಕಾರ್ಖಾನೆಗಳು ಉಳಿದವು. ಬದಲಿಗೆ ಫ್ರಾನ್ಸಿಗೆ ಅಮೋನಿಯ ತಯಾರಿಕೆಯ ವಿದ್ಯೆ ಸಿಕ್ಕಿತು. ಆ ವಿದ್ಯೆಯಿಂದ ತೂಲೂಸಿನಲ್ಲಿ ಸರಕಾರಿ ಗೊಬ್ಬರದ ಕಾರ್ಖಾನೆ ಎದ್ದಿತು. ಕೆಡವಬೇಕಾದದ್ದನ್ನು ಕೆಡವದೆ ಅದರ ಇನ್ನೊಂದು ಪ್ರತಿಯನ್ನು ತಮ್ಮ ನೆಲದಲ್ಲೇ ಮಾಡಿಸಿಕೊಂಡರು! ವ್ಯಾಪಾರಿಯ ಬುದ್ಧಿಗೆ ಇದು ಸರಿಯೇ. ನಿಶ್ಶಸ್ತ್ರೀಕರಣ ಎಂಬ ಹೆಸರು ಮಾತ್ರ ಇದಕ್ಕೆ ಒಪ್ಪದು.

ಈ ಎರಡು ಕಾರ್ಖಾನೆಗಳ ಮುಂದಿನ ಪಾಡನ್ನು ಹೇಳದೆ ಹೋಗಲಾರೆ. ೧೯೨೧ರ ಸೆಪ್ಟೆಂಬರ್ ೨೧ರಂದು ಓಪೌದಲ್ಲಿ ಗೊಬ್ಬರದ ರಾಶಿ ಸಿಡಿದು ಐನೂರಕ್ಕೂ ಹೆಚ್ಚು ಜನ ಸತ್ತರು. ತೂಲೂಸಿನ ಕಾರ್ಖಾನೆಯಲ್ಲಿ ಗೊಬ್ಬರ ಸಿಡಿದು ೩೧ ಜನ ಸತ್ತದ್ದು ೨೦೦೧ರಲ್ಲಿ. ದಿನ ಸೆಪ್ಟೆಂಬರ್ ೨೧. ಸರಿಯಾಗಿ ಎಂಬತ್ತು ವರ್ಷ. ಜಾತಕ ನಂಬುವವರು ಇದಕ್ಕೇನು ಹೇಳುವರೋ ಅವರಿಗೇ ಬಿಟ್ಟದ್ದು. ನನಗೆ ಕಾಣುವುದಿಷ್ಟೇ: ‘ಶಾಂತಿಯುತ ಬಳಕೆ’ ಎಂದು ಒಪ್ಪಂದಗಳಲ್ಲಿ ಬರೆಯುತ್ತಾರಲ್ಲ, ಆ ಶಾಂತಿಯೂ ನಾವು ಎಣಿಸಿದಷ್ಟು ಸಾಧುವಲ್ಲ. ಭೋಪಾಲವನ್ನು ಕಂಡ ದೇಶಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೯೨೫ರಲ್ಲಿ ಜಿನೀವಾದಲ್ಲಿ ವಿಷಾನಿಲದ ಬಳಕೆಯನ್ನು ನಿಷೇಧಿಸಿದರು. ತಯಾರಿಕೆಯನ್ನು, ಕೂಡಿಡುವುದನ್ನು ನಿಷೇಧಿಸಲಿಲ್ಲ. ಅದೇ ವರ್ಷ ಜರ್ಮನಿಯ ಪ್ರಮುಖ ರಾಸಾಯನಿಕ ಕಂಪನಿಗಳು ಕೂಡಿ ಇ.ಗೆ. ಫಾರ್ಬೆನ್ ಎಂಬ ದೈತ್ಯ ಸಂಸ್ಥೆಯಾದವು. ಅದರ ಮೊದಲ ಮುಖ್ಯಸ್ಥ ಬಾಷನೇ. ೧೯೩೬ರ ಡಿಸೆಂಬರಿನಲ್ಲಿ ಆ ಸಂಸ್ಥೆಯ ಗೆರ್‌ಹಾರ್ಡ್ ಶ್ರೇಡರ್ ಎಂಬ ರಸಾಯನಶಾಸ್ತ್ರಜ್ಞ ಲೆವರ್‌ಕೂಸನ್ನಿನಲ್ಲಿ ಬೆಳೆಯ ಹುಳು ಕೊಲ್ಲುವ ಔಷಧ ಹುಡುಕುತ್ತ ಹೋಗಿ ಮನುಷ್ಯನನ್ನೇ ನಿಮಿಷಗಳಲ್ಲಿ ಕೊಲ್ಲುವ ‘ತಬುನ್’ ಎಂಬ ವಸ್ತುವನ್ನು ಕಂಡುಹಿಡಿದ. ನರಗಳನ್ನೇ ಸ್ತಂಭಿಸುವ ವಿಷಗಳ ಸಂತತಿ ಅಲ್ಲಿಂದ ಆರಂಭ. ಸೈಲೀಸಿಯಾದ ಡೈಹರ್ನ್‌ಫುರ್ಟಿನಲ್ಲಿ ಅದಕ್ಕಾಗಿ ಕಾರ್ಖಾನೆ ಕಟ್ಟಿ ಸುಮಾರು ಹನ್ನೆರಡು ಸಾವಿರ ಟನ್ ತಯಾರಿಸಿದರು. ಹಿಟ್ಲರ್ ಅದನ್ನು ರಣರಂಗದಲ್ಲಿ ಬಳಸಲಿಲ್ಲ. ೧೯೪೫ರಲ್ಲಿ ಕೆಂಪು ಸೈನ್ಯ ಆ ಜಾಗವನ್ನು ಹಿಡಿದು ಅಲ್ಲಿನ ಸಲಕರಣೆಯನ್ನು ಕಳಚಿ ಸ್ಟಾಲಿನ್‌ಗ್ರಾಡಿಗೆ ಸಾಗಿಸಿತು. ಪೋಲೆಂಡಿಗೆ ಸೇರಿದ ಆ ಊರಿನ ಇಂದಿನ ಹೆಸರು ಬ್ಜೆಗ್ ಡಾಲ್ನಿ. ಅಲ್ಲಿ ಈಗಲೂ ರಾಸಾಯನಿಕ ಕಾರ್ಖಾನೆಯಿದೆ. ಸಾಧಾರಣ ಸಾಮಾನು ತಯಾರಿಸುತ್ತದೆ. ಬಿಟ್ಟುಹೋದ ನೆಲ ಸಾಧುವಾಯಿತು, ಸಾಗಿಸಿದ ಯಂತ್ರ ಸ್ಟಾಲಿನ್‌ಗ್ರಾಡಿನಲ್ಲಿ ಹಳೆಯ ಕಸುಬನ್ನೇ ಮುಂದುವರಿಸಿತು.

ಇನ್ನು ಜಿನೀವಾದ ದೀರ್ಘ ಸಂಧಾನ. ಅದರ ವರ್ಷವರ್ಷದ ವಿವರ ಹೇಳಿ ಓದುಗರನ್ನು ಬಳಲಿಸುವುದಿಲ್ಲ. ೧೯೮೪ರಲ್ಲಿ ಅಮೆರಿಕದ ಉಪಾಧ್ಯಕ್ಷ ಬುಷ್ ಒಂದು ಕರಡನ್ನು ಮಂಡಿಸಿದರು. ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ತಪಾಸಣೆ ಆಗಬೇಕೆಂಬುದು ಅದರ ತಿರುಳು. ರಷ್ಯನ್ನರು ಒಪ್ಪಲಾರರೆಂದೇ ಎಲ್ಲರ ಎಣಿಕೆ. ೧೯೮೭ರಲ್ಲಿ ರಷ್ಯನ್ನರು ಒಪ್ಪಿಬಿಟ್ಟರು! ಆಗ ಕಕ್ಕಾಬಿಕ್ಕಿಯಾಗುವ ಸರದಿ ಪಶ್ಚಿಮದವರದು. ಅದೇ ವರ್ಷ ಗೋರ್ಬಚೇವ್ ಪ್ರಾಗ್ ನಗರದಲ್ಲಿ, ತಮ್ಮ ದೇಶ ಈ ಅಸ್ತ್ರಗಳ ತಯಾರಿಕೆಯನ್ನು ನಿಲ್ಲಿಸಿದೆ, ಇದ್ದುದನ್ನು ನಾಶಮಾಡಲು ಒಂದು ಸ್ಥಾವರವನ್ನು ಕಟ್ಟುತ್ತಿದೆ ಎಂದು ಘೋಷಿಸಿದರು. ಆ ಸ್ಥಾವರ ಎದ್ದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಷ ತಯಾರಿಸಿದ್ದ ಚಪಾಯೆವ್‌ಸ್ಕ್ ಎಂಬ ಊರಿನ ಬಳಿ. ಕಟ್ಟಡ ಮುಗಿಯಿತು. ೧೯೮೯ರಲ್ಲಿ ಊರಿನ ಜನ ಬೀದಿಗಿಳಿದು ಬೇಡವೆಂದರು. ವಿಷ ಮಾಡುವ ಕಾರ್ಖಾನೆಯನ್ನು ಹತ್ತಾರು ವರ್ಷ ಬಾಯಿಮುಚ್ಚಿ ಸಹಿಸಿದ್ದ ಜನಕ್ಕೆ ಮಾತನಾಡುವ ಸ್ವಾತಂತ್ರ್ಯ ಬಂದಾಗ ಅವರು ಮೊದಲು ತಡೆದದ್ದು ವಿಷವನ್ನು ನಾಶಮಾಡುವ ಕಾರ್ಖಾನೆಯನ್ನು. ಅವರದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಮೊದಲು ಬಂದ ಕಾರ್ಖಾನೆಯ ಬಗ್ಗೆ ಅವರನ್ನು ಯಾರೂ ಕೇಳಿರಲಿಲ್ಲ. ಸ್ಥಾವರ ಕೆಲಸ ಆರಂಭಿಸಲೇ ಇಲ್ಲ, ತರಬೇತಿಯ ಕೇಂದ್ರವಾಯಿತು.

ಸಂಧಾನದ ಕೊನೆಯ ಘಟ್ಟದಲ್ಲಿ, ೧೯೯೨ರಲ್ಲಿ, ಜರ್ಮನಿಯ ರಾಯಭಾರಿ ಆಡಾಲ್ಫ್ ಫಾನ್ ವಾಗ್ನರ್ ಅಧ್ಯಕ್ಷರಾಗಿದ್ದರು. ಕೂಡಿಟ್ಟ ವಿಷವನ್ನು ನಾಶಮಾಡಬೇಕೆಂಬುದರಲ್ಲಿ ಎರಡು ಮಾತಿರಲಿಲ್ಲ. ಕಾರ್ಖಾನೆಗಳನ್ನು ಏನು ಮಾಡುವುದು? ಕೆಡವಿಹಾಕಿ ಎಂದು ಅಮೆರಿಕ. ರಷ್ಯದ ವಾದ ಬೇರೆ. ಸೋವಿಯತ್ ಒಕ್ಕೂಟ ಒಡೆದು ಬೊಕ್ಕಸ ಬರಿದಾಗಿತ್ತು. ಅವರ ವಿಷದ ವಿಭಾಗಗಳು ವೋಲ್ಗೋಗ್ರಾಡ್, ನೊವೊಚೆಬೊಕ್ಸಾರ್ಸ್ಕ್ ಮೊದಲಾದ ಊರುಗಳ ದೊಡ್ಡ ಕಾರ್ಖಾನೆಗಳ ಒಡಲೊಳಗೇ ಇದ್ದವು. ವೋಲ್ಗೋಗ್ರಾಡ್ ಎಂದರೆ ಹಳೆಯ ಸ್ಟಾಲಿನ್‌ಗ್ರಾಡೇ. ಡೈಹರ್ನ್‌ಫುರ್ಟಿನ ಸಲಕರಣೆ ಬಂದಿಳಿದ ಊರು. ಅದೇ ಆವರಣದಲ್ಲಿ ಸಾಧಾರಣ ಬಳಕೆಯ ರಾಸಾಯನಿಕಗಳೂ ತಯಾರಾಗುತ್ತಿದ್ದವು. ಸಾವಿರಾರು ಮನೆಗಳ ಒಲೆ ಅದರಿಂದಲೇ ಉರಿಯಬೇಕು. ಒಂದು ಕೋಣೆಯ ಪಾಪಕ್ಕೆ ಇಡೀ ಮನೆಯನ್ನು ಕೆಡವಬೇಡಿ, ಬದಲಾಯಿಸಿಕೊಳ್ಳುತ್ತೇವೆ ಎಂದರು. ಇದಕ್ಕೆ ಅಮೆರಿಕದ ಶಂಕೆ: ಇಂದು ಬದಲಾದದ್ದು ನಾಳೆ ಮತ್ತೆ ಬದಲಾಗದೆ? ಬನ್ನಿಯ ಮರದ ಪ್ರಶ್ನೆಯೇ.

ಹೀಗೆ ಹುಟ್ಟಿದ್ದು ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ ಐದನೆಯ ವಿಧಿ. ನಾಶವೇ ನಿಯಮ, ಪರಿವರ್ತನೆ ಅಪವಾದ. ಅಸಾಧಾರಣ ಸಂದರ್ಭದಲ್ಲಿ, ಬಿಡಲಾಗದ ಅಗತ್ಯವಿದ್ದರೆ ಮಾತ್ರ ಒಂದು ದೇಶ ಪರಿವರ್ತನೆಯನ್ನು ಕೇಳಿಕೊಳ್ಳಬಹುದು. ಎಲ್ಲ ದೇಶಗಳ ಸಭೆ ಒಪ್ಪಬೇಕು. ನಾನು ಮೊದಲೇ ಹೇಳಿದ ವಾಕ್ಯ ಬರುವುದು ಇಲ್ಲಿಯೇ. ಪರಿವರ್ತಿತ ಕಾರ್ಖಾನೆಯನ್ನು ಮತ್ತೆ ಅಸ್ತ್ರದ ಕಾರ್ಖಾನೆಯಾಗಿ ಮಾಡಲು ಸಾಧ್ಯವಾಗಬಾರದು ಎಂದು ಅದು ಹೇಳುವುದಿಲ್ಲ. ಕೈಗಾರಿಕೆಗೆ, ವ್ಯವಸಾಯಕ್ಕೆ, ಔಷಧಕ್ಕೆ ಇರುವ ಬೇರೆ ಯಾವುದೇ ಕಾರ್ಖಾನೆಗಿಂತ ಇದಕ್ಕೆ ಹಾಗೆ ಮರಳುವ ಶಕ್ತಿ ಹೆಚ್ಚಾಗಿರಬಾರದು ಎನ್ನುತ್ತದೆ. ಎಷ್ಟು ಎಚ್ಚರದ ಮಾತು! ಲೋಕದ ಯಾವ ರಾಸಾಯನಿಕ ಕಾರ್ಖಾನೆಯೂ ಪೂರ್ತಿ ನಿರಪರಾಧಿಯಲ್ಲವೆಂದು ಒಪ್ಪಿಕೊಂಡು, ಈ ಹಳೆಯ ಅಪರಾಧಿಗೂ ಅವರಷ್ಟೇ, ಅವರಿಗಿಂತ ಹೆಚ್ಚಲ್ಲದ, ಅನುಮಾನ ಸಾಕು ಎಂದಂತೆ. ಕಾಯಿದೆಯ ಭಾಷೆ ಒಣದು ಎಂದು ನಮ್ಮ ಸಾಹಿತಿಗಳು ಮೂಗು ಮುರಿಯುತ್ತಾರೆ. ಇಂಥ ಒಂದು ತರತಮ ಪ್ರತ್ಯಯವನ್ನು ಸರಿಯಾದ ಜಾಗದಲ್ಲಿ ಕೂರಿಸಲು ಬೇಕಾದ ಔಚಿತ್ಯಜ್ಞಾನ ನಮ್ಮಲ್ಲಿ ಎಷ್ಟು ಕವಿಗಳಿಗಿದೆಯೋ ನಾನರಿಯೆ.

ವಾಕ್ಯದ ಬೆನ್ನಿಗೆ ಕಟ್ಟುಪಾಡುಗಳಿವೆ. ವಿಷಕ್ಕೆಂದೇ ಮಾಡಿಸಿದ ಸಲಕರಣೆಗಳನ್ನೆಲ್ಲ ಒಡೆಯಬೇಕು. ಸಾಧಾರಣ ಕಾರ್ಖಾನೆಯಲ್ಲಿ ಕಾಣದಂಥ ಕಟ್ಟಡದ ವಿಶೇಷಗಳನ್ನು ತೆಗೆದುಹಾಕಬೇಕು. ಒಪ್ಪಂದದ ಮೊದಲ ಎರಡು ಪಟ್ಟಿಗಳಲ್ಲಿರುವ ರಾಸಾಯನಿಕಗಳನ್ನು ಅಲ್ಲಿ ತಯಾರಿಸುವಂತಿಲ್ಲ, ಬಳಸುವಂತಿಲ್ಲ. ಪರಿವರ್ತನೆ ಮುಗಿದ ಮೇಲೂ ಹತ್ತು ವರ್ಷ ಪರಿಶೀಲಕರಿಗೆ ಬಾಗಿಲು ತೆರೆದಿರಬೇಕು. ಒಪ್ಪಂದಕ್ಕೆ ೧೯೯೩ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ೧೩೦ ದೇಶಗಳು ಸಹಿ ಹಾಕಿದವು. ೧೯೯೭ರ ಏಪ್ರಿಲ್ ೨೯ರಿಂದ ಅದು ಜಾರಿಗೆ ಬಂತು. ಪರಿವರ್ತನೆಗೆ ಅಲ್ಲಿಂದ ಆರು ವರ್ಷ ಗಡುವು. ನೋಡಿಕೊಳ್ಳಲು ಹೇಗ್ ನಗರದಲ್ಲಿ ಒಂದು ಸಂಸ್ಥೆ. ೨೦೧೩ರ ನೊಬೆಲ್ ಶಾಂತಿ ಪಾರಿತೋಷಕ ಬಂದದ್ದು ಅದಕ್ಕೇ.

ನಮ್ಮ ದೇಶದ ಮಾತನ್ನೂ ಇಲ್ಲಿ ಹೇಳಿಬಿಡಬೇಕು. ೧೯೯೨ರ ಆಗಸ್ಟಿನಲ್ಲಿ ಭಾರತವೂ ಪಾಕಿಸ್ತಾನವೂ ಕೂಡಿ, ರಾಸಾಯನಿಕ ಅಸ್ತ್ರಗಳ ಸಂಪೂರ್ಣ ನಿಷೇಧವನ್ನು ಸಾರುವ ಘೋಷಣೆಗೆ ದೆಹಲಿಯಲ್ಲಿ ಸಹಿ ಹಾಕಿದವು. ಐದು ವರ್ಷ ಕಳೆದು, ೧೯೯೭ರ ಜೂನಿನಲ್ಲಿ, ಒಪ್ಪಂದದ ಪ್ರಕಾರ ಲೆಕ್ಕ ಒಪ್ಪಿಸುವಾಗ ಭಾರತ ತನ್ನಲ್ಲಿ ಸಾವಿರ ಟನ್ನಿಗೂ ಮಿಕ್ಕಿದ ಮಸ್ಟರ್ಡ್ ಇದೆಯೆಂದು ತಿಳಿಸಿತು. ಪತ್ರಿಕೆ ಓದುವ ನಾವೆಲ್ಲ ಬೆರಗಾದೆವು. ಬುದ್ಧನ, ಗಾಂಧಿಯ ಹೆಸರು ಹೇಳುವ ದೇಶದ ಉಗ್ರಾಣದಲ್ಲೂ ಅದು ಇತ್ತು. ಹೇಳಿದ ಮೇಲೆ ಮಾತ್ರ ಭಾರತ ನುಣುಚಿಕೊಳ್ಳಲಿಲ್ಲ; ೨೦೦೯ರ ಹೊತ್ತಿಗೆ ಎಲ್ಲವನ್ನೂ ಪರಿಶೀಲಕರ ಕಣ್ಣೆದುರು ನಾಶಮಾಡಿ ಮುಗಿಸಿತು. ಅಮೆರಿಕ ತನ್ನ ಪಾಲಿನದನ್ನು ಮುಗಿಸಿದ್ದು ೨೦೨೩ರ ಜುಲೈಯಲ್ಲಿ. ಅಣ್ವಸ್ತ್ರದ ಒಪ್ಪಂದ ಇದ್ದವರಿಗೊಂದು ಇಲ್ಲದವರಿಗೊಂದು ಎಂದು ಭೇದ ಮಾಡುತ್ತದೆಂದು ದೂರವೇ ಉಳಿದ ನಮ್ಮ ಸರಕಾರ, ಎಲ್ಲರಿಗೂ ಒಂದೇ ನಿಯಮವೆಂಬ ಕಾರಣಕ್ಕಾಗಿ ಇದಕ್ಕೆ ಕೈಹಾಕಿತು ಎಂಬುದನ್ನೂ ಮರೆಯಬಾರದು.

ಈ ಐದನೆಯ ವಿಧಿಯ ನಿಜವಾದ ಪರೀಕ್ಷೆ ಆದದ್ದು ಲಿಬಿಯದ ಮರುಭೂಮಿಯಲ್ಲಿ. ರಾಜಧಾನಿ ಟ್ರಿಪೋಲಿಯ ನೈರುತ್ಯಕ್ಕೆ ರಾಬ್ತ ಎಂಬಲ್ಲಿ ೧೯೮೦ರ ದಶಕದಲ್ಲಿ ಒಂದು ದೊಡ್ಡ ಕಾರ್ಖಾನೆ ಎದ್ದಿತು. ಔಷಧದ ಕಾರ್ಖಾನೆ ಎಂದ ಗಡಾಫಿ. ವಿಷದ ಕಾರ್ಖಾನೆ ಎಂದು ೧೯೮೮ರ ಸೆಪ್ಟೆಂಬರಿನಲ್ಲಿ ಅಮೆರಿಕ ಬಹಿರಂಗವಾಗಿ ಆರೋಪಿಸಿತು. ವರುಷ ಬದಲಾಗುವಷ್ಟರಲ್ಲಿ ಅದರ ಹಿಂದೆ ಪಶ್ಚಿಮ ಜರ್ಮನಿಯ ಇಮ್‌ಹಾಉಸನ್ ಎಂಬ ರಾಸಾಯನಿಕ ಕಂಪನಿಯಿದೆಯೆಂದು ಅಮೆರಿಕದ ಪತ್ರಿಕೆಗಳಲ್ಲಿ ಬಂತು. ಹಾಂಗ್‌ಕಾಂಗಿನಲ್ಲಿ ಔಷಧ ಕಾರ್ಖಾನೆ ಕಟ್ಟುತ್ತಿದ್ದೇವೆಂದು ಕಾಗದ ತೋರಿಸಿ ಸಾಮಾನನ್ನು ಲಿಬಿಯಕ್ಕೆ ಕಳಿಸಿದ್ದರು. ಬಾನ್ ಸರಕಾರ ಮೊದಲು ಇಲ್ಲವೆಂದಿತು, ಆಮೇಲೆ ಹೌದೆಂದಿತು. ೧೯೯೦ರಲ್ಲಿ ಕಂಪನಿಯ ಮುಖ್ಯಸ್ಥನಿಗೆ ಐದು ವರ್ಷ ಸೆರೆಮನೆಯಾಯಿತು. ಅದೇ ವರ್ಷ ಮಾರ್ಚಿಯಲ್ಲಿ ರಾಬ್ತಕ್ಕೆ ಬೆಂಕಿ ಬಿತ್ತೆಂಬ ಸುದ್ದಿ ಹೊಗೆಯೊಡನೆ ಲೋಕಕ್ಕೆಲ್ಲ ಹರಡಿತು. ಕೆಲವೇ ದಿನಗಳಲ್ಲಿ ಫ್ರಾನ್ಸಿನ ಉಪಗ್ರಹವೊಂದು ತೆಗೆದ ಚಿತ್ರದಲ್ಲಿ ಕಟ್ಟಡಗಳು ಸುಕ್ಷೇಮವಾಗಿ ನಿಂತಿದ್ದವು! ಹೊರಗಿನವರ ಕಣ್ಣು ಕಟ್ಟಲು ಹೂಡಿದ ನಾಟಕವೆಂದು ಹಲವರು ಊಹಿಸಿದರು. ಪಾಂಡವರು ಮರಕ್ಕೆ ಕಟ್ಟಿದ ಹೆಣದಂತೆ ಇದೂ ಒಂದು.

೨೦೦೩ರ ಡಿಸೆಂಬರ್ ೧೯ರಂದು ಗಡಾಫಿಯ ಸರಕಾರ ಬ್ರಿಟನ್ ಅಮೆರಿಕಗಳೊಡನೆ ಗುಟ್ಟಾಗಿ ನಡೆಸಿದ ಮಾತುಕತೆಯ ಫಲವಾಗಿ ಎಲ್ಲ ಸಾಮೂಹಿಕ ವಿನಾಶದ ಅಸ್ತ್ರಗಳನ್ನೂ ಬಿಡುವುದಾಗಿ ಸಾರಿತು. ಮರು ವರ್ಷ ಒಪ್ಪಂದಕ್ಕೆ ಸೇರಿ ಲೆಕ್ಕ ಕೊಟ್ಟಿತು: ಸುಮಾರು ೨೪ ಟನ್ ಮಸ್ಟರ್ಡ್, ತುಂಬದೆ ಉಳಿದ ೩,೫೬೩ ವಿಮಾನ ಬಾಂಬುಗಳು. ಬಾಂಬುಗಳ ಮೇಲೆ ಬುಲ್‌ಡೋಜರ್ ಓಡಿಸಿ ಚಪ್ಪಟೆ ಮಾಡಿದರು. ಅದು ಸುಲಭದ ಕೆಲಸ. ರಾಬ್ತದ ವಿಷಯ ಬಂದಾಗ ಲಿಬಿಯ ಹೇಳಿತು: ಇದನ್ನು ಕೆಡವುವುದು ಬೇಡ, ಆಫ್ರಿಕದ ಬಡವರಿಗಾಗಿ ಏಡ್ಸ್, ಮಲೇರಿಯ, ಕ್ಷಯ ರೋಗಗಳ ಔಷಧವನ್ನೂ ಲಸಿಕೆಗಳನ್ನೂ ಇಲ್ಲಿ ತಯಾರಿಸುತ್ತೇವೆ.

ಹದಿನೈದು ವರ್ಷ ಯಾವುದನ್ನು ಸುಳ್ಳೆಂದು ಲೋಕವೆಲ್ಲ ಹೇಳಿತ್ತೋ ಅದನ್ನೇ ಈಗ ನಿಜ ಮಾಡಿ ತೋರಿಸುತ್ತೇವೆ, ಅಪ್ಪಣೆ ಕೊಡಿ ಎಂಬ ಬೇಡಿಕೆ ಇದು. ಹೇಗ್ ನಗರದಲ್ಲಿ ಕುಳಿತವರಿಗೆ ಇಲ್ಲವೆನ್ನುವುದು ಕಷ್ಟ. ಆಫ್ರಿಕದಲ್ಲಿ ಆ ರೋಗಗಳಿಂದ ಸಾಯುವವರಿಗೆ ಔಷಧ ಬೇಕಾಗಿದ್ದುದು ನಿಜ. ಆಯುಧ ಬಿಟ್ಟವನಿಗೆ ಏನಾದರೂ ಒಂದು ಲಾಭ ಕಾಣಿಸಬೇಕು, ಇಲ್ಲದಿದ್ದರೆ ಮುಂದೆ ಯಾರು ಬಿಟ್ಟಾರು, ಎಂಬ ಲೆಕ್ಕವೂ ಇತ್ತು. ತೊಡಕು ಬಂದದ್ದು ಗಡುವಿನಿಂದ. ಆರು ವರ್ಷದ ಅವಧಿ ೨೦೦೩ರ ಏಪ್ರಿಲಿನಲ್ಲೇ ಮುಗಿದಿತ್ತು. ಲಿಬಿಯ ಸೇರಿದ್ದು ೨೦೦೪ರಲ್ಲಿ. ಸತ್ರ ಮುಚ್ಚಿದ ಮೇಲೆ ಬಂದ ಅತಿಥಿ! ಒಪ್ಪಂದದ ಅಕ್ಷರಕ್ಕೆ ಅಂಟಿಕೊಂಡರೆ ಕಟ್ಟಡ ಕೆಡವಲೇಬೇಕು. ಇಡೀ ಒಪ್ಪಂದವನ್ನು ತಿದ್ದಲು ಹೊರಟರೆ ಎಲ್ಲ ದೇಶಗಳ ಶಾಸನಸಭೆಗಳ ಮುಂದೆ ಹೋಗಬೇಕು. ಒಂದನ್ನು ತಿದ್ದಲು ತೆರೆದರೆ ಇನ್ನು ಹತ್ತನ್ನು ತಿದ್ದೋಣವೆನ್ನುವವರು ಕಾದಿರುತ್ತಾರೆ. ದಾರಿ ಸಿಕ್ಕಿದ್ದು ಅನುಬಂಧದಲ್ಲಿ. ತಪಾಸಣೆಯ ಅನುಬಂಧದಲ್ಲಿ ಆಡಳಿತದ ಅಥವಾ ತಾಂತ್ರಿಕ ಸ್ವರೂಪದ ಬದಲಾವಣೆಯನ್ನು ಯಾವ ದೇಶವೂ ಆಕ್ಷೇಪಿಸದಿದ್ದರೆ ಸುಲಭವಾಗಿ ಮಾಡಬಹುದು. ೭೨ನೆಯ ಪರಿಚ್ಛೇದದ ಬೆನ್ನಿಗೆ ‘೭೨ ದ್ವಿತೀಯ’ ಎನ್ನಬಹುದಾದ ಒಂದು ಪುಟ್ಟ ಪರಿಚ್ಛೇದವನ್ನು ಸೇರಿಸಿದರು. ತಡವಾಗಿ ಸೇರಿದ ದೇಶಕ್ಕೆ ಕಾರ್ಯಕಾರಿ ಮಂಡಲಿ ಬೇರೆ ಗಡುವು ಹಾಕಬಹುದು ಎಂಬಷ್ಟೇ ಅದರ ಸಾರ. ಆಕ್ಷೇಪ ಬರಲಿಲ್ಲ. ೨೦೦೫ರ ಜನವರಿ ೩೧ರಿಂದ ಅದು ಜಾರಿಗೆ ಬಂತು. ಹಳೆಯ ಗ್ರಂಥಗಳಲ್ಲಿ ಲಿಪಿಕಾರರು ಎರಡು ಪದ್ಯಗಳ ನಡುವೆ ಒಂದನ್ನು ತೂರಿಸಿದ್ದನ್ನು ಪ್ರಕ್ಷಿಪ್ತವೆಂದು ಹಳಿಯುವುದು ನಮ್ಮ ವೃತ್ತಿಧರ್ಮ. ಲೋಕಕ್ಕೆ ಉಪಕಾರವಾದ ಪ್ರಕ್ಷೇಪವೊಂದನ್ನು ನಾನು ಕಂಡದ್ದು ಇದೊಂದೇ.

ಅಲ್ಲಿಗೆ ಮುಗಿಯಲಿಲ್ಲ. ರಾಬ್ತದ ಸುತ್ತ ಹಿಂದೆ ಮರಳಿನ ಮೂಟೆಗಳ ದೊಡ್ಡ ಗೋಡೆ ಕಟ್ಟಿದ್ದರು. ವಿಮಾನದಾಳಿಯ ಭಯದಿಂದ ಕಟ್ಟಿದ ಈ ಗೋಡೆ ಸಾಧಾರಣ ಔಷಧ ಕಾರ್ಖಾನೆಗೆ ಇರತಕ್ಕದ್ದಲ್ಲ. ಆದ್ದರಿಂದ ಅದು ಹೋಗಬೇಕು ಎಂಬುದು ಒಪ್ಪಂದದ ತರ್ಕ. ಲಿಬಿಯದವರು, ಮರುಭೂಮಿಯ ಬಿರುಗಾಳಿಯ ಮರಳಿನಿಂದ ಔಷಧವನ್ನು 

ಕಾಯಲು ನಮಗೆ ಈ ಗೋಡೆ ಬೇಕು ಎಂದರು. ಪ್ರಪಂಚದ ಪ್ರಮುಖ ದೇಶಗಳ ರಾಯಭಾರಿಗಳು ತಣ್ಣನೆಯ ಹೇಗ್ ನಗರದಲ್ಲಿ ಕುಳಿತು ಆಫ್ರಿಕದ ಒಂದು ಮರಳ ಗೋಡೆ ಯುದ್ಧದ್ದೋ ಶಾಂತಿಯದೋ ಎಂದು ಚರ್ಚಿಸಿದರು. ನಗುವವರು ನಗಬಹುದು. ಗೋಡೆಯೊಂದರ ಬಗ್ಗೆ ಮಾತಿನಲ್ಲಿ ವರ್ಷ ಕಳೆಯುವುದು ಅದರ ಮೇಲೆ ಬಾಂಬು ಹಾಕುವುದಕ್ಕಿಂತ ಮೇಲೆಂದು ನನ್ನ ಮತ. ಆದರೆ ಗಡುವು ಮುಂದಕ್ಕೆ ಮುಂದಕ್ಕೆ ಹೋಗುತ್ತಲೇ ಇತ್ತು. ೨೦೧೧ರಲ್ಲಿ ಅಂತರ್ಯುದ್ಧ ಬಂದು ಗಡಾಫಿಯ ಆಳ್ವಿಕೆಯೇ ಮುಗಿಯಿತು. ಬಂದ ಹೊಸಬರು, ಹಳೆಯವನು ಬಚ್ಚಿಟ್ಟಿದ್ದ ಇನ್ನಷ್ಟು ಮಸ್ಟರ್ಡನ್ನು, ಅದನ್ನು ತುಂಬಿದ ಗುಂಡುಗಳನ್ನು ಕಂಡು ತಾವೇ ಹೇಗ್‌ಗೆ ತಿಳಿಸಿದರು.

ಸಿರಿಯದ ವಿಷಯದಲ್ಲಿ ಇಷ್ಟು ಉದಾರತೆ ತೋರಲಿಲ್ಲ. ೨೦೧೩ರಲ್ಲಿ ಒಪ್ಪಂದಕ್ಕೆ ಸೇರಿದ ಆ ದೇಶ ಏಳು ವಿಮಾನಗೃಹಗಳನ್ನೂ ಐದು ಸುರಂಗಗಳನ್ನೂ ಪೂರ್ತಿ ಕೆಡವದೆ ಬಿಡಬೇಕೆಂದು ವಾದಿಸಿತು. ೨೦೧೪ರ ಜುಲೈಯಲ್ಲಿ ತೀರ್ಮಾನವಾದದ್ದು, ವಿಮಾನಗೃಹಗಳನ್ನು ನೆಲಸಮ ಮಾಡುವುದು, ಸುರಂಗಗಳನ್ನು ಎಂದೆಂದಿಗೂ ತೆರೆಯಲಾಗದಂತೆ ಮುಚ್ಚುವುದು ಎಂದು. ಒಟ್ಟು ಹದಿನಾಲ್ಕು ದೇಶಗಳು ಲೆಕ್ಕ ಕೊಟ್ಟ ೯೭ ತಯಾರಿಕಾ ಸ್ಥಾವರಗಳಲ್ಲಿ ೭೪ ನಾಶವಾದವು, ೨೩ ಪರಿವರ್ತನೆಯಾದವು. ಪರಿವರ್ತನೆಯಾದವುಗಳಲ್ಲಿ ಬಹುಪಾಲು ರಷ್ಯದವು. ನಾಲ್ಕರಲ್ಲಿ ಒಂದು ಭಾಗಕ್ಕೆ ಜೀವದಾನ ಸಿಕ್ಕಿತೆಂದರೆ ೧೯೯೨ರ ಆ ಅಪವಾದ ಬರಿಯ ಹೆಸರಿಗಾಗಿರಲಿಲ್ಲ.

ರಾಬ್ತದ ಕಥೆಯ ಕೊನೆಯ ತುಣುಕು ಒಂದಿದೆ. ಲಿಬಿಯದಲ್ಲಿ ಮಸ್ಟರ್ಡ್ ನಾಶವಾದದ್ದು ೨೦೧೪ರ ಜನವರಿಯಲ್ಲಿ. ಅದರ ತಯಾರಿಕೆಗೆ ಬೇಕಾದ ಸುಮಾರು ಐನೂರು ಟನ್ ರಾಸಾಯನಿಕಗಳು ಆಗಲೂ ಉಳಿದಿದ್ದವು. ದೇಶದಲ್ಲಿ ಸೇನಾ ತಂಡಗಳ ಕಾದಾಟ. ಅವು ಯಾರ ಕೈಗೆ ಬೀಳುವುವೋ ಎಂಬ ಭಯ. ೨೦೧೬ರ ಆಗಸ್ಟಿನಲ್ಲಿ ಅವನ್ನು ಮಿಸ್ರಾತ ಬಂದರಿನಿಂದ ಡೆನ್ಮಾರ್ಕಿನ ಹಡಗಿನಲ್ಲಿ ಸಾಗಿಸಿದರು. ಹೋಗಿ ತಲುಪಿದ್ದು ಜರ್ಮನಿಯ ಮುನ್‌ಸ್ಟರ್ ಎಂಬ ಊರಿಗೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ವಿಷದ ಗುಂಡುಗಳನ್ನು ತುಂಬುತ್ತಿದ್ದ ಬ್ರೆಲೋ ಇರುವುದು ಅಲ್ಲೇ. ನೂರು ವರ್ಷದ ಹಳೆಯ ವಿಷವನ್ನು ಅಗೆದು ತೆಗೆದು ಸುಡುವ ಸರಕಾರಿ ಸ್ಥಾವರವೂ ಅಲ್ಲೇ. ೨೦೧೮ರ ಜನವರಿಯಲ್ಲಿ ಲಿಬಿಯದ ಕೊನೆಯ ಪಾತ್ರೆ ಬರಿದಾಯಿತೆಂದು ಹೇಗ್‌ನಿಂದ ಪ್ರಕಟಣೆ ಹೊರಟಿತು.